ಲೆಕ್ಕಕ್ಕೆ ಬಾರದ ಬೆರಳುಗಳು

ಗೋಡೆಯಾಚೆ ಒಬ್ಬ ಮನುಷ್ಯ ಕಿರುಚಿಕೊಂಡಾಗ ಆಡಿಟರ್ ಅಪಘಾತಗಳ ದಾಖಲೆಯಲ್ಲಿ ಏನೂ ಬಿಟ್ಟುಹೋಗಿಲ್ಲ ಎಂದು ಸರಿ ಗುರುತು ಹಾಕುತ್ತಿದ್ದಳು. ಕಿರುಚಿದ್ದು ಅಂದರೆ ಏನೋ ಸಣ್ಣ ಕೂಗಲ್ಲ. ಪ್ರಾಣಿಯ ಕುತ್ತಿಗೆಗೆ ಚೂರಿ ಇಟ್ಟಾಗ ಬರುತ್ತದಲ್ಲ, ಅಂಥದ್ದು. ಅದರ ಬೆನ್ನಿಗೇ ತಗಡು ಒತ್ತುವ ಪ್ರೆಸ್ಸು ಇನ್ನೊಂದು ಸಲ ಧಡ್ಡೆಂದು ಬಿತ್ತು, ಕೂಗು ಅರ್ಧಕ್ಕೇ ನಿಂತಿತು. ಕಂಪ್ಯೂಟರ್ ವಿಭಾಗದ ಮ್ಯಾನೇಜರ್ ಎದ್ದು ಹೋಗಿ ಬಾಗಿಲನ್ನು ಭದ್ರವಾಗಿ ಒತ್ತಿ ಬಂದು, "ಎಲ್ಲಿದ್ವಿ ಮೇಡಂ?" ಎಂದ.

ಈ ಮ್ಯಾನೇಜರನಿಗೆ ಕಾರ್ಖಾನೆಯಲ್ಲಿ ಬೆಣ್ಣೆ ಎಂದು ಹೆಸರು. ಮಾತಾಡಿದರೆ ಮಾತು ಬಾಯಿಂದ ಜಾರುತ್ತಿತ್ತು, ಕೇಳಿದರೆ ಉತ್ತರ ಕೈಯಿಂದ ಜಾರುತ್ತಿತ್ತು. "ಏನಾಯ್ತು ಅಲ್ಲಿ?" ಎಂದು ಅವಳು ಕೇಳಿದ್ದಕ್ಕೆ, "ಪ್ರೆಸ್ ಶಾಪ್ ಅಲ್ವಾ ಮೇಡಂ, ಸದ್ದು ಇದ್ದೇ ಇರುತ್ತೆ" ಎಂದು ಟೀ ತರಿಸಿದ. ಅವಳು ಆ ಟೀ ಕುಡಿದಳು. ಮಧ್ಯಾಹ್ನ ಊಟಕ್ಕೆಂದು ಹೊರಗೆ ಬಂದಾಗ ಪ್ರೆಸ್ಸುಗಳ ಸಾಲಿನ ಕೊನೆಯಲ್ಲಿ ನೆಲದ ಮೇಲೆ ಮರದ ಹೊಟ್ಟು ಚೆಲ್ಲಿದ್ದರು. ಹೊಟ್ಟು ಕೆಂಪಗೆ ನೆಂದಿತ್ತು, ಅದೇ ಯಂತ್ರದ ಮುಂದೆ ಬೇರೊಬ್ಬ ಆಗಲೇ ತಗಡು ಕೊಡುತ್ತ ನಿಂತಿದ್ದ.

ಆ ಕಾರ್ಖಾನೆ ಉಕ್ಕಿನ ತಗಡನ್ನು ಒತ್ತಿ ಯಂತ್ರಗಳ ಬಿಡಿಭಾಗ ಮಾಡುತ್ತಿತ್ತು. ಮಾಲು ಕೊಳ್ಳುವ ದೊಡ್ಡ ಕಂಪನಿಯವರಿಗೆ ಒಂದು ಅನುಮಾನ: ಇಲ್ಲಿ ಆಗುವ ಅಪಘಾತಗಳೆಲ್ಲ ಕಂಪ್ಯೂಟರಿಗೆ ಬರುತ್ತಿವೆಯೇ, ಇಲ್ಲವೇ? ಅದನ್ನು ನೋಡಿ ಹೇಳುವುದೇ ಅವಳ ಕೆಲಸ. ಸಂಜೆ ನೋಡಿದಳು, ಆ ಕೂಗಿನ ದಾಖಲೆ ಇರಲಿಲ್ಲ. ಮರುದಿನ ನೋಡಿದಳು, ಆಗಲೂ ಇಲ್ಲ.

ಅವಳು ಮಾಡಿದ ಪರೀಕ್ಷೆಯಲ್ಲಿ ತಪ್ಪಿತ್ತೆಂದಲ್ಲ. ದಾಖಲೆಗಳ ಕ್ರಮಸಂಖ್ಯೆಯಲ್ಲಿ ಎಲ್ಲೂ ತೆರಪಿರಲಿಲ್ಲ, ಕಾರ್ಖಾನೆ ಕಳಿಸಿದ ಒಟ್ಟೂ ವಿಮೆಯವರಿಗೆ ಮುಟ್ಟಿದ ಒಟ್ಟೂ ತಾಳೆಯಾಗಿತ್ತು. ಆದರೆ ಆ ವ್ಯವಸ್ಥೆ ದಾಖಲೆಗೆ ಸಂಖ್ಯೆ ಕೊಡುತ್ತಿದ್ದುದು ಅದು ಪೂರ್ತಿ ಒಳಗೆ ಬಂದ ಮೇಲೆ. ಒಳಗೆ ಬಿಡದೇ ಇದ್ದದ್ದಕ್ಕೆ ಸಂಖ್ಯೆ ಎಲ್ಲಿಯದು, ತೆರಪು ಎಲ್ಲಿಯದು? ಇನ್ನು ಒಳಗೆ ಬರಬೇಕಾದರೆ ಕಾಯಂ ನೌಕರನ ಗುರುತಿನ ಅಂಕಿ ಬೇಕು. ಪ್ರೆಸ್ಸಿನ ಮುಂದೆ ನಿಂತವರೆಲ್ಲ ಗುತ್ತಿಗೆಯವರು, ಅವರಿಗೆ ಅಂಕಿಯೇ ಇಲ್ಲ. ಹಾಗಾಗಿ ಕಂಪ್ಯೂಟರಿನ ಕಣ್ಣಿಗೆ ಅವರಿಗೆ ಕೈಯೂ ಇಲ್ಲ, ಕೈ ಕತ್ತರಿಸುವುದೂ ಇಲ್ಲ.

ಅವಳಿಗೆ ಈ ವಿದ್ಯೆ ಕಲಿಸಿದ್ದು ದೊಡ್ಡಪ್ಪ. ಅಪ್ಪ ಸತ್ತ ಮೇಲೆ ಸಾಕಿದವನೂ ಅವನೇ, ಈಗ ಸಂಬಳ ಕೊಡುವವನೂ ಅವನೇ; ಆಡಿಟ್ ಸಂಸ್ಥೆ ಅವನದು. ಊಟಕ್ಕೆ ಕೂತಾಗಲೂ ಪಾಠ ಹೇಳುವ ಆಸಾಮಿ. "ಪುಸ್ತಕ ಹಿಡ್ಕೊಂಡು ನೆಲಕ್ಕೆ ಹೋದ್ರೆ ಸುಳ್ಳು ಬರೆದಿದ್ದು ಸಿಗುತ್ತೆ. ನೆಲದಿಂದ ಹೊರಟು ಪುಸ್ತಕಕ್ಕೆ ಬಂದ್ರೆ ಬರೀದೇ ಬಿಟ್ಟಿದ್ದು ಸಿಗುತ್ತೆ. ದಿಕ್ಕು ತಪ್ಪಬೇಡ ಮಗಳೇ" ಎನ್ನುತ್ತಿದ್ದ. ಅವಳು ದಿಕ್ಕು ತಪ್ಪಿದ್ದಳು. ಬೆಣ್ಣೆಯ ಕೋಣೆಯಲ್ಲಿ ಕೂತು ಪುಸ್ತಕವನ್ನು ಪುಸ್ತಕದ ಜೊತೆಗೇ ತಾಳೆ ನೋಡಿದ್ದಳು. ಮುಖಕ್ಕೆ ಉಗಿದಂತಾಯಿತು ಅವಳಿಗೆ. ಎದ್ದು ನೆಲಕ್ಕೆ ಹೋದಳು.

ನೆಲ ಅಂದರೆ ಪಾಳಿ ಮುಗಿದಾಗ ಕೆಲಸದವರು ಕೈ ತೊಳೆಯುವ ತೊಟ್ಟಿ. ಉದ್ದದ ಸಿಮೆಂಟು ತೊಟ್ಟಿ, ಅದರ ಮೇಲೆ ಸಾಲಾಗಿ ನಲ್ಲಿಗಳು, ಎಣ್ಣೆ ಹತ್ತಿದ ಸಾಬೂನಿನ ತುಂಡುಗಳು. ಅವಳು ಮುಖ ನೋಡಲಿಲ್ಲ, ಕೈ ನೋಡಿದಳು. ಒಬ್ಬನಿಗೆ ಹೆಬ್ಬೆರಳಿರಲಿಲ್ಲ. ಒಬ್ಬನ ನಡುಬೆರಳು ಗಂಟಿನವರೆಗೆ ಮಾತ್ರ ಇತ್ತು. ಇನ್ನೊಬ್ಬ ಸಾಬೂನನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿಯುತ್ತಿದ್ದ, ಹಿಡಿಯಲು ಬೇರೆ ಏನೂ ಉಳಿದಿರಲಿಲ್ಲ.

"ಏ ಏಳು, ಸಾಬೂನು ಈ ಕಡೆ ಎಸಿ."

"ಒಂಬತ್ತು ಕೇಳು, ಅವನ ಹತ್ರ ಇದೆ."

ತೊಟ್ಟಿಯ ತುದಿಯಲ್ಲಿ ನಡುವಯಸ್ಸಿನವನೊಬ್ಬ ನಗುತ್ತ ನಿಂತಿದ್ದ. ಅವಳು ಅವನ ಹತ್ತಿರ ಹೋಗಿ, "ಇವೇನು ಹೆಸರು?" ಎಂದು ಕೇಳಿದಳು.

"ಹೆಸರಲ್ಲ ಮೇಡಂ, ಬಾಕಿ. ಕೈಲಿ ಎಷ್ಟು ಉಳಿದಿವೆ ಅನ್ನೋದು. ನಾನು ಎಂಟೂವರೆ." ಎಡಗೈ ಎತ್ತಿ ತೋರಿಸಿದ. ಕಿರುಬೆರಳು ಇರಲಿಲ್ಲ, ಪಕ್ಕದ್ದು ಅರ್ಧ ಇತ್ತು. "ಅಗೋ ಅವನು ನನ್ನ ಹೆಂಡತಿ ತಮ್ಮ. ಹತ್ತು. ನಾನೇ ಕೆಲಸಕ್ಕೆ ಸೇರಿಸಿದ್ದು. ಹತ್ತು ಇರೋವರೆಗೂ ಹೊಸಬ ಅಂತಾನೇ ಲೆಕ್ಕ."

ಭಾಮೈದ ಈ ಕಡೆ ನೋಡಿದ. ಎತ್ತರದ ಆಳು, ಕೈ ತುಂಬ ಬೆರಳು. ಅವನು ನಗಲಿಲ್ಲ.

"ನಿಮ್ಮದು ಹೇಗೆ ಹೋಯ್ತು?"

ಎಂಟೂವರೆ ಅತ್ತ ಇತ್ತ ನೋಡಿ ನಲ್ಲಿಯನ್ನು ಜೋರಾಗಿ ಬಿಟ್ಟ. "ಕೈ ಅಡ್ಡ ಬಂದ್ರೆ ಯಂತ್ರ ತಾನೇ ನಿಲ್ಲಬೇಕು ಅಂತ ಒಂದು ಕಣ್ಣು ಇಟ್ಟಿದ್ದಾರೆ. ಕೆಲಸ ನಿಧಾನ ಆಗುತ್ತೆ ಅಂತ ಫೋರ್‌ಮನ್ನು ಅದಕ್ಕೆ ಟೇಪ್ ಸುತ್ತಿಸಿದ. ಕುರುಡು ಪ್ರೆಸ್ಸು ಕೈಮೇಲೆ ಬಿತ್ತು. ಮನೇಲಿ ಕಟ್ಟಿಗೆ ಒಡೀವಾಗ ಹೋಯ್ತು ಅಂತ ಡಾಕ್ಟ್ರಿಗೆ ಹೇಳು ಅಂದ್ರು. ನಮ್ಮನೇಲಿ ಕೊಡಲಿನೇ ಇಲ್ಲ ಮೇಡಂ. ನನ್ನ ಮಗಳು ಕೇಳ್ತಾಳೆ, ಎಲ್ಲಿದೆ ಕೊಡಲಿ ಅಂತ." ನಗು ಅಲ್ಲಿಗೆ ನಿಂತಿತು. "ನಂದು ಬರ್ಕೊಳ್ಳಿ. ಇಲ್ಲೇ ಹೋಯ್ತು ಅಂತ ಎಲ್ಲಾದ್ರೂ ಒಂದು ಕಡೆ ಇರ್ಲಿ. ಬೇರೆಯವ್ರದ್ದು ನಾನು ಹೇಳಲ್ಲ. ಅವರವರ ಬೆರಳು, ಅವರವರ ಬಾಯಿ."

ಅವನು ಹೇಳಿದ್ದು ಅಷ್ಟೇ. ಇದನ್ನು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಆಮೇಲೆ ನಡೆದದ್ದೆಲ್ಲ ಅವನು ಹೇಳದ ಮಾತಿಗೆ.

ಉಳಿದವರ ಹೆಸರು ಅವಳಿಗೆ ಸಿಕ್ಕಿದ್ದು ಗೇಟಿನಲ್ಲಿ. ಗುತ್ತಿಗೆಯವರು ಒಳಗೆ ಬರುವ ಕಾರ್ಡುಗಳಿಗೆ ಅಲ್ಲೊಂದು ಬೇರೆಯೇ ಕಂಪ್ಯೂಟರಿತ್ತು. ಒಂದೇ ಹೆಸರಿನವರು ಹಲವರಿದ್ದರು; ಗುರುತು ತಪ್ಪಬಾರದೆಂದು ಕಾವಲುಗಾರ ಹೆಸರಿನ ಮುಂದೆ ಅಡ್ಡಹೆಸರನ್ನೂ ಹೊಡೆದಿಟ್ಟಿದ್ದ. ಅಡ್ಡಹೆಸರು ಬದಲಾದಾಗ ತಾನೂ ಬದಲಿಸುತ್ತಿದ್ದ. ಕಂಪ್ಯೂಟರು ಹಳೆಯದನ್ನೂ ಅಳಿಸದೆ ಇಟ್ಟುಕೊಂಡಿತ್ತು. ಒಬ್ಬನ ಕಾರ್ಡಿನಲ್ಲಿ ಹತ್ತು ಇದ್ದದ್ದು ಒಂಬತ್ತಾಗಿ, ಒಂಬತ್ತು ಏಳಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ಅನ್ನುತ್ತಾರೆ. ಆಡಿಟ್ಟಿಗೆ ಬೇಕು, ಆ ಕನ್ನಡಿ ಗೇಟಿನಲ್ಲಿತ್ತು. ಅಂಕಿ ಇಳಿದವರನ್ನೆಲ್ಲ ಅವಳು ಒಂದು ಪಟ್ಟಿ ಮಾಡಿದಳು. ಮಾಡುವಾಗ ಸಂತೋಷವಾಯಿತು ಎಂದೇ ಹೇಳಬೇಕು. ಬೇಟೆ ಸಿಕ್ಕವರ ಸಂತೋಷ.

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಆಡಿಟರುಗಳದ್ದೊಂದು ಮರ್ಯಾದೆ ಇದೆ, ಬೆಂಕಿ ಬೀಳಲಿ ಅದಕ್ಕೆ. ಯಾವ ಯಾವ ಹೆಸರು ಪರೀಕ್ಷೆ ಮಾಡುತ್ತೇವೆಂದು ಒಂದು ದಿನ ಮುಂಚೆ ಆ ಕಂಪನಿಗೇ ಕಳಿಸಿ, 'ಇವರ ದಾಖಲೆ ತೆಗೆದಿಡಿ' ಎನ್ನುವುದು. "ಯಾರ ಮನೆಗೇ ಆಗ್ಲಿ ಹೇಳಿ ಹೋಗಬೇಕು, ಕಳ್ಳರ ಹಾಗೆ ನುಗ್ಗಬಾರ್ದು" ಎಂದು ದೊಡ್ಡಪ್ಪ ಇದನ್ನೂ ಕಲಿಸಿದ್ದ. ಸರಕಿನ ಲೆಕ್ಕಕ್ಕೆ, ಗೋದಾಮಿನ ಲೆಕ್ಕಕ್ಕೆ ಅದು ಸರಿ. ಈ ಪಟ್ಟಿಯಲ್ಲಿದ್ದದ್ದು ಮನುಷ್ಯರು. ಅವಳು ಯೋಚಿಸಲಿಲ್ಲ. ಅಭ್ಯಾಸಬಲ; ಊಟವಾದ ಮೇಲೆ ಕೈ ತೊಳೆಯುವಂತೆ ಪಟ್ಟಿಯನ್ನು ಬೆಣ್ಣೆಗೆ ಕಳಿಸಿ ಮನೆಗೆ ಹೋದಳು. ಬೆಣ್ಣೆ ಅದನ್ನು ಕೈಯಿಂದ ಜಾರಿಸಿದ್ದು ನೇರ ಪ್ರೆಸ್ ಶಾಪಿನ ಫೋರ್‌ಮನ್ನಿನ ಕೈಗೆ.

ಫೋರ್‌ಮನ್ನಿಗೆ ಸುತ್ತಿಗೆ ಎಂದು ಹೆಸರು. ಒಂದು ಕಾಲಕ್ಕೆ ಕೈ ಮಾಡುತ್ತಿದ್ದನಂತೆ, ಈಗ ಆ ಕೆಲಸವನ್ನು ಬೇರೆಯವರಿಂದ ಮಾಡಿಸುವಷ್ಟು ಬುದ್ಧಿ ಬಂದಿತ್ತು. ಬೆಳಿಗ್ಗೆ ಪಾಳಿ ಶುರುವಾಗುವಾಗ ಅವನು ಮರದ ಹಲಗೆಯ ಮೇಲೆ ಹತ್ತಿ ಪಟ್ಟಿ ಓದಿದ. "ಇಷ್ಟೂ ಜನರ ಹೆಸರು ಹೊರಗಿನವರಿಗೆ ಕೊಟ್ಟೋನು ನಿಮ್ಮಲ್ಲೇ ಇದ್ದಾನೆ. ಅವನು ಯಾರು ಅಂತ ಗೊತ್ತಾಗೋವರೆಗೂ ಈ ಸಾಲಿನ ಯಾವನಿಗೂ ಕೆಲಸ ಇಲ್ಲ" ಎಂದ. ಆಮೇಲೆ ಇಳಿದು ಟೀ ತೆಗೆದುಕೊಂಡ. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಜಾತಿ.

ತೊಟ್ಟಿಯ ಹತ್ತಿರ ಆಡಿಟರಮ್ಮನ ಜೊತೆ ಮಾತಾಡುತ್ತ ನಿಂತವನನ್ನು ಎಲ್ಲರೂ ನೋಡಿದ್ದರು.

ಅವಳು ಗೇಟು ದಾಟಿದಾಗ ಪ್ರೆಸ್ಸುಗಳು ನಿಂತಿದ್ದವು. ಆ ಮೌನವೇ ಅವಳಿಗೆ ಮೊದಲು ಭಯ ಹುಟ್ಟಿಸಿದ್ದು. ಕಾವಲುಗಾರ ಅವಳ ಮುಖ ನೋಡದೆ, "ಗುಜರಿ ಶೆಡ್ಡಿನ ಹಿಂದೆ" ಎಂದಷ್ಟೇ ಹೇಳಿದ. ಅವಳು ಓಡಿದಳು.

ಶೆಡ್ಡಿನ ಹಿಂದೆ ಕತ್ತರಿಸಿ ಉಳಿದ ತಗಡಿನ ರಾಶಿ. ಅದಕ್ಕೆ ಒರಗಿಸಿ ಎಂಟೂವರೆಯನ್ನು ಕೆಡವಿದ್ದರು. ಮೈಮೇಲಿನ ಅಂಗಿ ತಗಡಿಗೆ ಸಿಕ್ಕಿ ಹರಿದು, ಬೆನ್ನು ಉದ್ದಕ್ಕೆ ಸೀಳಿತ್ತು. ಏಳು ಅವನ ಪಕ್ಕೆಗೆ ಒದೆಯುತ್ತಿದ್ದ, ಒದ್ದಾಗೊಮ್ಮೆ ಒಳಗೆ ಹಸಿ ಕಟ್ಟಿಗೆ ಮುರಿದಂಥ ಸದ್ದು. ಒಂಬತ್ತು ಕೂದಲು ಹಿಡಿದು ತಲೆಯನ್ನು ಮೇಲೆತ್ತಿದ್ದ. ಬಾಯಿಂದ ರಕ್ತ, ಹಲ್ಲಿನ ಚೂರು, ಜೊಲ್ಲು ಒಟ್ಟಿಗೇ ಇಳಿಯುತ್ತಿತ್ತು. ಅಚ್ಚು ಎತ್ತುವ ಕಬ್ಬಿಣದ ಸರಳು ಹಿಡಿದು ಎದುರಿಗೆ ನಿಂತವನು ಅವನ ಭಾಮೈದ. ಎಲ್ಲರಿಗಿಂತ ಜೋರಾಗಿ ಹೊಡೆಯುತ್ತಿದ್ದವನೂ ಅವನೇ. ಭಾವನಿಂದ ಕೆಲಸ ಸಿಕ್ಕಿದವನು, ಭಾವನಿಂದಲೇ ಹೋಗುತ್ತದೆಂದು ನಂಬಿದವನು; ಅದಕ್ಕಿಂತ ಕೆಟ್ಟ ಸಿಟ್ಟು ಇಲ್ಲ.

"ಹೇಳೋ. ಯಾರ ಯಾರ ಹೆಸರು ಕೊಟ್ಟೆ ಹೇಳೋ. ಅಕ್ಕನ ಮುಖ ನೋಡಿ ಬಿಡ್ತೀನಿ ಅಂದ್ಕೊಂಡಿದೀಯಾ?"

"ನಂದು ಮಾತ್ರ" ಎಂದ ಎಂಟೂವರೆ. ಸರಳು ಅವನ ಭುಜಕ್ಕೆ ಬಿತ್ತು. "ನಂದು ಮಾತ್ರ ಕಣೋ."

ಆಡಿಟರ್ ನಡುವೆ ನುಗ್ಗಿದಳು. ಯಾರದೋ ಮೊಣಕೈ ಬಾಯಿಗೆ ಬಡಿದು ತುಟಿ ಒಡೆಯಿತು, ತಗಡಿನ ಮೇಲೆ ಬಿದ್ದು ಅಂಗೈ ಸೀಳಿತು. ಎದ್ದು ಭಾಮೈದನ ತೋಳಿಗೆ ಜೋತುಬಿದ್ದಳು. ಅವನು ನೊಣ ಕೊಡವಿದಂತೆ ಕೊಡವಿದ.

"ಮೇಡಂ ಬಂದ್ರು, ನಿಲ್ಲಿ" ಎಂದ ಸುತ್ತಿಗೆ. ಅವನು ಶೆಡ್ಡಿನ ನೆರಳಿನಲ್ಲಿ ಟೀ ಲೋಟ ಹಿಡಿದು ನಿಂತಿದ್ದ. ಎಲ್ಲರೂ ನಿಂತರು. "ನಾನು ಒಂದೇಟೂ ಹಾಕಿಲ್ಲ, ನೋಡ್ಕೊಳ್ಳಿ ಮೇಡಂ. ಅವರವರ ಮನೆ ಜಗಳ. ಆದ್ರೂ ನೀವು ಬಂದಿದೀರಿ, ಒಂದು ಮಾತು ಹೇಳ್ಬಿಡಿ. ಹೆಸರು ಕೊಟ್ಟಿದ್ದು ಇವನಾ, ಅಲ್ವಾ? ಅಲ್ಲ ಅಂದ್ರೆ ಬಿಟ್ಬಿಡ್ತಾರೆ."

ಏಳು ಅವಳನ್ನು ನೋಡಿದ. ಒಂಬತ್ತು ನೋಡಿದ. ಭಾಮೈದ ಸರಳನ್ನು ಇಳಿಸಿ ಏದುಸಿರು ಬಿಡುತ್ತ ನೋಡಿದ. ಅವನ ಕಣ್ಣಲ್ಲಿ ಅವಳು ಕಂಡದ್ದು ಬೇಡಿಕೆ: ಅಲ್ಲ ಅನ್ನು, ಈ ಸರಳು ಬಿಸಾಕ್ತೀನಿ. ಎಂಟೂವರೆಯ ಒಂದು ಕಣ್ಣು ಬಾತು ಮುಚ್ಚಿತ್ತು, ಇನ್ನೊಂದು ಅವಳ ಮೇಲಿತ್ತು. 'ಅಲ್ಲ' ಎಂಬ ಎರಡೇ ಅಕ್ಷರ. ಅದು ಸತ್ಯವೂ ಆಗಿತ್ತು.

ಅವಳ ಬಾಯಿ ತಾನು ಕಲಿತದ್ದನ್ನು ಹೇಳಿತು.

"ಮಾಹಿತಿ ಯಾರು ಕೊಟ್ರು ಅನ್ನೋದು ಗೌಪ್ಯ. ಅದನ್ನ ನಾನು ಹೇಳೋ ಹಾಗಿಲ್ಲ."

ಯಾವ ಊರಿನಲ್ಲಿ, ಯಾವ ಕಚೇರಿಯಲ್ಲಿ, ಯಾವ ದರಿದ್ರದವನು ಈ ವಾಕ್ಯವನ್ನು ಮೊದಲು ಹೇಳಿದನೋ. ಮಾಹಿತಿ ಕೊಟ್ಟವರನ್ನು ಕಾಪಾಡಲೆಂದೇ ಇರುವ ಮಾತು ಇದು. ವರ್ಷಗಟ್ಟಲೆ ಅವಳು ಇದನ್ನು ಸೂಟು ಹಾಕಿದವರ ಮುಂದೆ ಹೇಳಿದ್ದಳು, ಅವರು ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಇಲ್ಲಿ ನಿಂತವರಿಗೆ ಕೇಳಿಸಿದ್ದು ಒಂದೇ: ಕೊಟ್ಟವನೊಬ್ಬ ಇದ್ದಾನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೇಳಿ ಮುಗಿಯುವ ಮೊದಲೇ ಅವಳಿಗೆ ಗೊತ್ತಾಯಿತು, "ಇಲ್ಲ, ತಾಳಿ" ಎಂದು ಬಾಯಿ ತೆರೆದಳು. ಭಾಮೈದ ಆಗಲೇ ಎರಡೂ ಕೈಯಿಂದ ಸರಳನ್ನು ತಲೆಯ ಮೇಲೆ ಎತ್ತಿದ್ದ.

ಅದು ಕಿವಿಯ ಮೇಲ್ಗಡೆ ಬಿತ್ತು. ಎಂಟೂವರೆ ಕೂಗಲಿಲ್ಲ. ತಲೆ ಒಂದು ಪಕ್ಕದಲ್ಲಿ ತಗ್ಗಾಯಿತು, ಕಾಲುಗಳು ತಗಡನ್ನು ಸ್ವಲ್ಪ ಹೊತ್ತು ಕೆರೆದವು, ಆಮೇಲೆ ಕೂದಲು ಹಿಡಿದಿದ್ದ ಒಂಬತ್ತು ಕೈ ಬಿಟ್ಟ. ತೆರೆದಿದ್ದ ಕಣ್ಣು ತೆರೆದೇ ಇತ್ತು.

"ಅವರು ಕೊಟ್ಟಿಲ್ಲ" ಎಂದಳು ಅವಳು. ದನಿ ತನ್ನದಲ್ಲವೆನಿಸಿತು. "ಪಟ್ಟಿ ಮಾಡಿದ್ದು ನಾನು. ಕಳಿಸಿದ್ದು ನಾನು. ಅವರು ಹೇಳಿದ್ದು ಅವರ ಹೆಸರೊಂದೇ. ಉಳಿದಿದ್ದು ಗೇಟಲ್ಲಿತ್ತು. ಏಳು ಅಂತ, ಒಂಬತ್ತು ಅಂತ ನೀವೇ ಒಬ್ಬರನ್ನೊಬ್ಬರು ಕೂಗಿದ್ದು, ಗೇಟಿನ ಕಾವಲುಗಾರ ಅದನ್ನ ಬರ್ಕೊಂಡಿದ್ದು. ಎಲ್ಲರೂ ಸೇರಿ ಕೊಟ್ಟಿದ್ದು."

ಏಳು ತನ್ನ ಬೂಟಿನ ಮೇಲಿನ ರಕ್ತ ನೋಡಿಕೊಂಡು ಹಿಂದೆ ಸರಿದ. ಸುತ್ತಿಗೆ ಇದ್ದ ಜಾಗದಲ್ಲಿ ಟೀ ಲೋಟ ಮಾತ್ರ ಇತ್ತು. ಭಾಮೈದ ಸರಳು ಬಿಟ್ಟು ನೆಲಕ್ಕೆ ಕುಸಿದ; ಭಾವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ತಗ್ಗಾದ ಜಾಗವನ್ನು ತನ್ನ ಪೂರ್ತಿ ಅಂಗೈಯಿಂದ ಒತ್ತಿ ಹಿಡಿದ. ಬೆರಳುಗಳ ಸಂದಿಯಿಂದ ರಕ್ತ ಬರುತ್ತಲೇ ಇತ್ತು.

ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಉಸಿರು ನಿಂತಿತ್ತು.

ಮಧ್ಯಾಹ್ನ, ಆಸ್ಪತ್ರೆಯ ಓಣಿಯಲ್ಲಿ ಬೆಂಚಿನ ಮೇಲೆ ಕೂತು ಅವಳು ಕೈಗೆ ಬ್ಯಾಂಡೇಜು ಕಟ್ಟಿಸಿಕೊಳ್ಳುತ್ತಿದ್ದಾಗ ದೊಡ್ಡಪ್ಪನ ಫೋನು ಬಂತು. ಬೆಣ್ಣೆ ಆಗಲೇ ಎಲ್ಲ ಹೇಳಿದ್ದ.

"ಪಟ್ಟಿ ಗಿಟ್ಟಿ ಅಂತ ಇನ್ನು ಯಾರ ಮುಂದೂ ಬಾಯಿ ಬಿಡಬೇಡ ಮಗಳೇ" ಎಂದ ದೊಡ್ಡಪ್ಪ. ದನಿಯಲ್ಲಿ ಅಕ್ಕರೆಯಿತ್ತು, ಅದೇ ಕಷ್ಟ. "ಅವರು ಬಡಿದಾಡಿಕೊಂಡ್ರು, ಅದು ಪೊಲೀಸರ ಕೆಲಸ. ನಮ್ಮ ವರದಿಗೆ ಸಂಬಂಧ ಇಲ್ಲ. ಕೇಳಿದಾಗ ಗೌಪ್ಯ ಅಂದೆಯಂತಲ್ಲ, ಅದೊಂದು ನೀನು ಸರಿಯಾಗಿ ಮಾಡಿದ್ದು."

ಅವಳು ಫೋನು ಆರಿಸಿದಳು. ಇವನ ಮನೆಯ ಅನ್ನ ತಿಂದು ಬೆಳೆದವಳು ತಾನು ಎನ್ನುವುದು ಅವಳಿಗೆ ಆ ಹೊತ್ತಿನಲ್ಲಿ ಅಸಹ್ಯವೆನಿಸಿತು.

ಎಂಟೂವರೆಯ ಹೆಂಡತಿ ಹೊಲಿಗೆ ಕಾರ್ಖಾನೆಯಿಂದ ಹಾಗೇ ಓಡಿ ಬಂದಿದ್ದಳು, ಸೀರೆಯ ತುಂಬ ದಾರದ ತುಂಡು. ಗೋಡೆಗೆ ಒರಗಿ ಕೂತಿದ್ದ ತಮ್ಮನ ಎರಡೂ ಬದಿಗೆ ಪೊಲೀಸರು ನಿಂತಿದ್ದರು. ಅವಳು ಅವರ ನಡುವೆ ನುಗ್ಗಿ ತಮ್ಮನ ಕೊರಳಪಟ್ಟಿ ಹಿಡಿದು ಗೋಡೆಗೆ ಬಡಿದಳು. ಮುಷ್ಟಿಯಿಂದ ಮುಖಕ್ಕೆ ಗುದ್ದಿದಳು, ಮೂಗು ಒಡೆದ ಮೇಲೂ ಗುದ್ದಿದಳು. ಅವನು ಕೈ ಅಡ್ಡ ತರಲಿಲ್ಲ. ಪೊಲೀಸರು ಬಿಡಿಸಲು ತಡಮಾಡಿದರು, ಬೇಕೆಂದೇ ಇರಬೇಕು. ಅವನು ಹೊಡೆಸಿಕೊಳ್ಳುತ್ತಲೇ ಏನೋ ಹೇಳಿದ. ಅವಳ ಕೈ ನಿಂತಿತು. ತಿರುಗಿ ಬೆಂಚಿನ ಕಡೆ ಬಂದಳು.

ಆಡಿಟರ್ ಎದ್ದು ನಿಂತಳು. ಹೊಡೆಯಲಿ ಎಂದುಕೊಂಡಳು. ಹೊಡೆದರೆ ಒಳ್ಳೆಯದು ಎಂದೂ ಅನ್ನಿಸಿತು.

"ನೀವು ಅಲ್ಲೇ ಇದ್ರಂತೆ."

"ಇದ್ದೆ."

"ನಿಮ್ಮನ್ನ ಕೇಳಿದ್ರಂತೆ, ಇವರೇನಾ ಅಂತ."

"ಕೇಳಿದ್ರು."

"ಅಲ್ಲ ಅಂತ ಅಂದಿದ್ರೆ?"

ಹೇಳಲು ಬೇಕಾದಷ್ಟಿತ್ತು. ಏಟು ಆಗಲೇ ಬಹಳ ಬಿದ್ದಿತ್ತು, ನಾನು ಹೇಳಿದರೂ ಅವರು ನಂಬುತ್ತಿದ್ದರೋ ಇಲ್ಲವೋ, ಹೊಡೆದವನು ನಿನ್ನ ತಮ್ಮ, ಹೊಡೆಸಿದವನು ಫೋರ್‌ಮನ್. ಎಲ್ಲವೂ ನಿಜ, ಎಲ್ಲವೂ ಅರ್ಧ.

"ಬದುಕಿರ್ತಿದ್ರು" ಎಂದಳು.

ಹೆಂಗಸು ಅವಳ ಮುಖವನ್ನೇ ನೋಡಿದಳು. ಮುಷ್ಟಿ ಬಿಗಿದೇ ಇತ್ತು, ಗೆಣ್ಣುಗಳ ಮೇಲೆ ತಮ್ಮನ ಮೂಗಿನ ರಕ್ತ.

"ಏನು ಬಿಟ್ಟುಹೋಗಿದೆ ಅಂತ ಬರೆಯೋಕೆ ಬಂದೋರಂತಲ್ಲ ನೀವು" ಎಂದಳು. "ಇದನ್ನೂ ಬರೀರಿ. ನನ್ನ ಮುಂದೆ ಬರೀರಿ. ನನಗೆ ಓದೋಕೆ ಬರಲ್ಲ, ಆಮೇಲೆ ಓದಿ ಹೇಳಿ."

ಆಡಿಟರ್ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲಿಟ್ಟು ವರದಿ ತೆರೆದಳು. ಬ್ಯಾಂಡೇಜು ಕಟ್ಟಿದ ಕೈಯಲ್ಲಿ ಒತ್ತುವುದು ಕಷ್ಟವಾಯಿತು, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಹೆಂಗಸು ಕೂರಲಿಲ್ಲ; ಮೈಮೇಲೆ ನೆರಳು ಬೀಳುವಷ್ಟು ಹತ್ತಿರ ನಿಂತೇ ಇದ್ದಳು. ಮುಗಿದ ಮೇಲೆ ಆಡಿಟರ್ ಗಟ್ಟಿಯಾಗಿ ಓದಿದಳು.

"ಈತನ ಬೆರಳುಗಳು ಹೋದದ್ದು ಈ ಕಾರ್ಖಾನೆಯ ಪ್ರೆಸ್ಸಿನಲ್ಲಿ; ಅದು ದಾಖಲೆಯಲ್ಲಿಲ್ಲ. ಕೆಲಸದ ಹೊತ್ತಿನಲ್ಲಿ, ಗೇಟಿನ ಒಳಗೆ, ಜೊತೆಯವರ ಕೈಯಿಂದ ಈತ ಸತ್ತ, ಅದೂ ದಾಖಲೆಯಲ್ಲಿಲ್ಲ. ಜೊತೆಯವರನ್ನು ಎತ್ತಿಕಟ್ಟಿದ್ದು ಫೋರ್‌ಮನ್. ಅದಕ್ಕೆ ಬಳಸಿದ ಪಟ್ಟಿ ಆಡಿಟರ್ ಮಾಡಿ ಒಂದು ದಿನ ಮುಂಚೆ ಕಳಿಸಿದ್ದು. ಈತ ಬೇರೆ ಯಾರ ಹೆಸರನ್ನೂ ಕೊಟ್ಟಿರಲಿಲ್ಲ. ಅದು ಆಡಿಟರಿಗೆ ಗೊತ್ತಿತ್ತು. ಕೇಳಿದಾಗ ಆಕೆ ಹೇಳಲಿಲ್ಲ."

ಗೋಡೆಯ ಹತ್ತಿರ ತಮ್ಮ ಅಳತೊಡಗಿದ. ಹೆಂಗಸು ಅವನ ಕಡೆ ತಿರುಗಲಿಲ್ಲ.

"ಕೊನೇದು ಇನ್ನೊಂದು ಸಲ ಓದಿ" ಎಂದಳು.